ಇಸಿಜಿ ಕೋಣೆಗೊಂದು ಸೀರೆ

ಮಸ್ಕಿಯ ಒಂದು ದವಾಖಾನೆಯವರು ಇಸಿಜಿ ಕೋಣೆಯ ಬಾಗಿಲಿಗೆ ಒಂದು ತುಂಡು ಬಟ್ಟೆ ಕಟ್ಟಲಿಲ್ಲ, ಅದಕ್ಕೇ ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಈರಮ್ಮನ ಅರ್ಧ ಹೃದಯ ಸತ್ತಿತು. ಹಣೆಬರಹ, ವಯಸ್ಸು ಎಂದು ನನ್ನ ಮುಂದೆ ಯಾರೂ ಹೇಳಬೇಡಿ. ಅಷ್ಟು ಬಟ್ಟೆಯನ್ನು ನಾವು ಮನೆಯಲ್ಲಿ ಜೋಳದ ಚೀಲಕ್ಕೆ ಹೊದಿಸಿದ್ದೆವು, ನನ್ನ ಹಳೆಯ ಇಳಕಲ್ ಸೀರೆ.

ಹೊಲದಿಂದ ಬಂದವಳು ಎದೆ ಹಿಡಿದುಕೊಂಡು ಕುಳಿತಳು, ಮೈಯೆಲ್ಲ ಬೆವರು. ಆಟೋದಲ್ಲಿ ಮಸ್ಕಿಗೆ ಒಯ್ದೆವು. ಇಸಿಜಿ ಮಂಚ ಕದವಿಲ್ಲದ ಬಾಗಿಲಿಗೆ ಎದುರಾಗಿತ್ತು. ಹೊರಗಿನ ಬೆಂಚಿನ ಮೇಲೆ ಗಂಡಸರು, ಅವರಲ್ಲಿ ನನ್ನ ಯಜಮಾನರೂ ಒಬ್ಬರು. ಅವಳಿಗೆ ಅವರು ಭಾವ. ಅವರೆದುರು ಈರಮ್ಮ ಈ ವಯಸ್ಸಿಗೂ ತಲೆಯ ಮೇಲಿನ ಸೆರಗು ಜಾರಿಸಿದವಳಲ್ಲ.

ತಂತಿ ಹಚ್ಚುವಾತ ಗೋಡೆ ನೋಡುತ್ತ, “ಕುಪ್ಪಸ ತೆಗೀಬೇಕಾಗತೈತ್ರಿ” ಎಂದ.

“ಸತ್ತರ ಸಾಯ್ತೀನಿ, ತೆಗೆಯಂಗಿಲ್ಲ. ಅಕ್ಕಾ, ಭಾವಾರು ಅಲ್ಲೇ ಕುಂತಾರ” ಎಂದಳು ಈರಮ್ಮ.

“ಹಂಗಾದ್ರ ಮ್ಯಾಲೇ ಹಚ್ತೀನ್ರಿ, ನಡೀತೈತಿ.”

ಮೊಲೆಯ ಕೆಳಗೆ ಹಚ್ಚಬೇಕಾದ ತಂತಿಗಳೆಲ್ಲ ಕುತ್ತಿಗೆಯ ಬುಡದಲ್ಲಿ ಸಾಲಾಗಿ ಕೂತವು. ಡಾಕ್ಟರು ಕಾಗದ ನೋಡಿ ಗ್ಯಾಸ್ ಎಂದರು, ಗುಳಿಗೆ ಕೊಟ್ಟು ಕಳಿಸಿದರು.

ಮರುದಿನ ಉಸಿರೇ ಸಿಗದಾಯಿತು. ಲಿಂಗಸುಗೂರಿನ ದವಾಖಾನೆಯಲ್ಲಿ ನರ್ಸಮ್ಮ ಗಂಡಸರನ್ನೆಲ್ಲ ಹೊರಗಟ್ಟಿ, ಪರದೆ ಎಳೆದು, ತಂತಿಗಳನ್ನು ಅವುಗಳ ಜಾಗಕ್ಕೇ ಹಚ್ಚಿದಳು. ಗೆರೆ ಬೇರೆಯೇ ಬಂತು, ಹೃದಯಾಘಾತ. ನಿನ್ನೆಯೇ ಗೊತ್ತಾಗಿದ್ದರೆ ಇಷ್ಟು ಹಾಳಾಗುತ್ತಿರಲಿಲ್ಲ ಎಂದರು ಅಲ್ಲಿಯ ಡಾಕ್ಟರು. ಜೀವ ಉಳಿಯಿತು, ಕೊಡ ಎತ್ತುವ ಶಕ್ತಿ ಹೋಯಿತು.

ನರ್ಸಮ್ಮ ನನಗೆ ಬಿಡಿಸಿ ಹೇಳಿದಳು. ಮೈಯ ಒಂದೊಂದು ಜೀವಕಣದ ಒಳಗೂ ಹೊರಗೂ ಕರೆಂಟಿನ ಹೆಚ್ಚುಕಡಿಮೆ ಇರುತ್ತದಂತೆ. ಹೃದಯದ ಕಣಗಳೆಲ್ಲ ಕೂಡಿ ಮಿಡಿದಾಗ ಅದರ ಅಲೆ ಚರ್ಮದ ತನಕ ಬರುತ್ತದಂತೆ. ತಂತಿ ಎಲ್ಲಿ ಕೂತಿದೆಯೋ ಅಲ್ಲಿಯ ಸುದ್ದಿಯಷ್ಟೇ ಅದಕ್ಕೆ ಸಿಗುವುದು. ಅಂದಿನಿಂದ ನನಗೆ ಅದೇ ಯೋಚನೆ. ಕಣ್ಣಿಗೆ ಕಾಣದ ಆ ಕರೆಂಟು ಮಾಂಸ ದಾಟಿ, ಎಲುಬು ದಾಟಿ, ತೊಗಲಿನ ಅಂಚಿಗೆ ಬಂದು ನಿಂತು ಕೂಗುತ್ತಿತ್ತು. ಕುಪ್ಪಸದ ಗುಂಡಿ ಮಾತ್ರ ಅದಕ್ಕೆ ದಾಟಲಾಗಲಿಲ್ಲ. ಇದಕ್ಕೆ ಈರಮ್ಮನನ್ನು ನಾನು ಬೈಯುವುದಿಲ್ಲ. ಹುಟ್ಟಿದಾಗಿನಿಂದ ಮುಚ್ಚಿಕೋ ಎಂದವರು ಸಾಯುವ ಹೊತ್ತಿಗೆ ತೆರೆ ಎಂದರೆ ಕೈ ಎಲ್ಲಿಂದ ಏಳಬೇಕು, ನೀವೇ ಹೇಳಿ. ನನ್ನ ಸಿಟ್ಟು ಯಂತ್ರ ತಂದಿಟ್ಟು ಹೆಂಗಸರಿಗೂ ಹೃದಯವಿದೆಯೆಂದು ಮರೆತವರ ಮೇಲೆ, ಬೆಂಚು ಬಿಟ್ಟು ಏಳದವರ ಮೇಲೆ.

ಅವಳನ್ನು ಮನೆಗೆ ಕರೆತಂದ ಸಂಜೆ ಯಜಮಾನರು ಉಣ್ಣುತ್ತಾ, “ದೇವರು ದೊಡ್ಡಾವ” ಎಂದರು.

“ಖರೆ. ನೀವು ಅವತ್ತು ಬೆಂಚ್ ಬಿಟ್ಟು ಎದ್ದು ಹೋಗಿದ್ರ ನೀವೂ ದೊಡ್ಡಾವ್ರ ಆಗ್ತಿದ್ರಿ” ಎಂದೆ. ಅವರು ಉಣ್ಣುವುದನ್ನು ನಿಲ್ಲಿಸಿದರು. ನಾನು ಬಡಿಸುವುದನ್ನು ನಿಲ್ಲಿಸಲಿಲ್ಲ.

ಮರುದಿನ ಮುಂಜಾನೆ ಚೀಲದ ಮೇಲಿನ ಸೀರೆ ಜಾಡಿಸಿ, ಅಂಚು ಮಡಚಿ ಹೊಲಿದು, ಹಗ್ಗ ಪೋಣಿಸಿ, ಯಜಮಾನರ ಕೈಗೆ ಸುತ್ತಿಗೆ ಮೊಳೆ ಕೊಟ್ಟು, ಅವರನ್ನೂ ಕರೆದುಕೊಂಡು ಮೊದಲ ಬಸ್ಸಿಗೆ ಮಸ್ಕಿಗೆ ಹೋದೆ.

“ಯಾರನ್ನ ಕೇಳಿ ಮೊಳಿ ಹೊಡ್ಯಾಕತ್ತೀರಿ?” ಎಂದು ದವಾಖಾನೆಯವರು ಇಸಿಜಿ ಕೋಣೆಯ ಬಾಗಿಲಿಗೆ ಓಡಿ ಬಂದರು.

“ಈರಮ್ಮನ್ನ ಕೇಳಿ” ಎಂದೆ. ಯಜಮಾನರು ಇನ್ನೊಂದು ಮೊಳೆ ಹೊಡೆದರು.