ಯಾರ ವಿಮಾನ?

ಆಗೆಲ್ಲ ನಮ್ಮ ಕಡೆ ‘ದಿನ ಹೆಂಗ ಹೋತು’ ಎಂದು ಕೇಳಿದರೆ ಹೆಣ್ಣುಮಕ್ಕಳು ಮಾಡಿದ ಕೆಲಸಗಳನ್ನು ಒಂದೊಂದಾಗಿ ಹೇಳುತ್ತಿದ್ದರು. ನಾನೂ ಹಾಗೆಯೇ ಹೇಳುತ್ತೇನೆ. ಆ ದಿನ ನಸುಕಿನಲ್ಲೆದ್ದು ಅಂಗಳಕ್ಕೆ ಸೆಗಣಿ ನೀರು ಹಾಕಿದೆ. ದನದ ಕೊಟ್ಟಿಗೆ ಬಳಿದೆ. ಕೆರೆಯಿಂದ ಎರಡು ಕೊಡ ನೀರು ತಂದು ಹರವಿಗೆ ಸುರಿದೆ. ಅವ್ವ ರೊಟ್ಟಿ ಬಡಿಯುವಾಗ ಒಲೆಗೆ ತೊಗರಿ ಕಟ್ಟಿಗೆ ಇಟ್ಟೆ. ಆಯಿಗೆ, ಅಂದರೆ ಅಪ್ಪನ ತಾಯಿಗೆ, ಎಲೆ ಅಡಿಕೆ ಕುಟ್ಟಿ ಕೊಟ್ಟೆ. ಪಾಟಿಯ ಮೇಲೆ ಹದಿನಾರರ ಮಗ್ಗಿ ಬರೆದೆ, ಒರೆಸಿದೆ, ಮತ್ತೆ ಬರೆದೆ. ಆಮೇಲೆ ಎರಡು ಕೌದಿಗಳನ್ನು ತಲೆಯ ಮೇಲೆ ಹೊತ್ತು ಒಗೆಯಲು ಕೆರೆಗೆ ಹೋದೆ. ಶಾಲೆ ಇರಲಿಲ್ಲ. ಹಿಂದಿನ ಸಂಜೆ ಓಣಿಯ ಸಣ್ಣಬಸಪ್ಪಜ್ಜ ತೀರಿಕೊಂಡಿದ್ದರು, ಮಾಸ್ತರರೂ ಮಣ್ಣಿಗೆ ಹೋಗುವವರಿದ್ದರು.

ಲಡಾಯಿಯ ಕಾಲ. ಚಿಮಣಿ ಎಣ್ಣೆ ಸಿಗುತ್ತಿರಲಿಲ್ಲ, ಹೊತ್ತಿರುವಾಗಲೇ ಉಂಡು ಮುಗಿಸುತ್ತಿದ್ದೆವು. ನಮ್ಮ ಊರು ಹೆಬ್ಬಳ್ಳಿಯಿಂದ ಎರಡು ಮೈಲಿ, ಸುತ್ತ ಎರಿಭೂಮಿ, ಕಪ್ಪು ಜಿಗುಟು ಮಣ್ಣು. ಎಲ್ಲಿ ಬಾವಿ ತೋಡಿದರೂ ಸವುಳು ನೀರು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಬಾಯಿಗಿಟ್ಟರೆ ಉಪ್ಪುಪ್ಪು. ಕುಡಿಯಲು, ಅಡಿಗೆಗೆ ಕೆರೆಯೊಂದೇ ಗತಿ. ಗುಡಿಯ ಕಡೆಯ ಮೆಟ್ಟಿಲುಗಳಲ್ಲಿ ಕುಡಿಯುವ ನೀರು ತುಂಬಬೇಕು, ಕೋಡಿಯ ಕಡೆಯ ಕಲ್ಲುಗಳ ಮೇಲೆ ಬಟ್ಟೆ ಒಗೆಯಬೇಕು. ಈ ಕಟ್ಟಳೆಯನ್ನು ಯಾರೂ ಮುರಿಯುತ್ತಿರಲಿಲ್ಲ.

ನನಗಾಗ ಹತ್ತು ವರ್ಷ, ನಾಲ್ಕನೆಯ ಇಯತ್ತೆ. ಯುಗಾದಿಗೆ ಮುಂಚೆ ಹೆಬ್ಬಳ್ಳಿಯಲ್ಲಿ ಪರೀಕ್ಷೆ. ಪಾಸಾದರೆ ಧಾರವಾಡದ ಮಾಳಮಡ್ಡಿಯಲ್ಲಿ ಬಾಡಿಗೆ ಮನೆ ಹಿಡಿದಿದ್ದ ಸೋದರಮಾವ ನನ್ನನ್ನು ಕರೆದೊಯ್ದು ಮುಂದೆ ಓದಿಸುವವನಿದ್ದ. ‘ಪಾಸಾದ್ರ ಅಷ್ಟ’ ಎಂದು ಅಪ್ಪ ಒಂದು ಮಾತು ಸೇರಿಸಿದ್ದ.

ಇಲ್ಲಿ ಒಂದು ಶಬ್ದದ ಸುದ್ದಿ ಹೇಳಬೇಕು. ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನ ಗೋಪುರ ಕಟ್ಟಿ, ಬಾಳೆಕಂಬ, ಚೆಂಡುಹೂವು, ಹಸಿರು ಸೀರೆಗಳಿಂದ ಸಿಂಗರಿಸಿ, ಹಣೆಗೆ ವಿಭೂತಿ ಹಚ್ಚಿ, ಅದರೊಳಗೆ ಕೂಡ್ರಿಸಿ ಒಯ್ಯುತ್ತಾರೆ. ಅದಕ್ಕೆ ವಿಮಾನ ಎನ್ನುತ್ತಾರೆ. ಆಕಾಶದಲ್ಲಿ ಹಾರುವುದು ಬೇರೆ. ವಾರಕ್ಕೆ ಎರಡು ಮೂರು ಸಲ ಹಳದಿ ಬಣ್ಣದ್ದೊಂದು ನಮ್ಮ ಹೊಲಗಳ ಮೇಲೆ ಗುಂಯ್ಯೆಂದು ಸುತ್ತುತ್ತಿತ್ತು. ಲಡಾಯಿಗೆ ಹೋಗುವ ಹುಡುಗರು ಅದರಲ್ಲಿ ಹಾರಲು ಕಲಿಯುತ್ತಾರೆ ಎಂದು ಮಾಸ್ತರರು ಹೇಳಿದ್ದರು. ಆಯಿ ಅದನ್ನು ‘ಹಾರೂ ಬಂಡಿ’ ಎನ್ನುತ್ತಿದ್ದಳು, ಊರೆಲ್ಲ ಹಾಗೆಯೇ ಎನ್ನುತ್ತಿತ್ತು. ಶಾಲೆಯಲ್ಲಿ ಮಾತ್ರ ಮಾಸ್ತರರು ನಮ್ಮಿಂದ ‘ವಿಮಾನ’ ಎಂದು ಐದು ಸಲ ಬರೆಸಿದ್ದರು. ಆ ಶಬ್ದ ನನಗೆ ಬರುತ್ತದೆ ಎಂಬ ಹೆಮ್ಮೆ ನನಗಿತ್ತು.

ಕೌದಿಯನ್ನು ಕಲ್ಲಿಗೆ ಬಡಿಯುತ್ತಿದ್ದೆ. ಸದ್ದು ಕೇಳಿ ತಲೆಯೆತ್ತಿದೆ. ಹಳದಿಯದು ಬಹಳ ಕೆಳಗೆ ಬರುತ್ತಿತ್ತು. ಸದ್ದು ಕೆಮ್ಮಿದಂತಾಗಿ ನಿಂತುಹೋಯಿತು. ಎದುರು ದಂಡೆಯ ಎರಡು ಈಚಲ ಮರಗಳ ನಡುವಿನ ನೇರಕ್ಕೆ ಅದು ಮೂಗು ಮುಂದೆ ಮಾಡಿ ನೀರಿಗಿಳಿಯಿತು. ಒಮ್ಮೆ ಬಾಲ ಮೇಲೆ ನಿಂತಿತು. ಆಮೇಲೆ ಅದೂ ಇಲ್ಲ. ತೆರೆ ಬಂದು ನನ್ನ ಮೊಳಕಾಲು ತೋಯಿಸಿತು.

ಕೌದಿ ಬಿಟ್ಟು ಓಡಿದೆ. ಓಣಿಯಲ್ಲಿ ಸಣ್ಣಬಸಪ್ಪಜ್ಜನ ಮನೆಯ ಮುಂದೆ ಊರೆಲ್ಲ ನೆರೆದಿತ್ತು. ಅಜ್ಜನ ವಿಮಾನ ಆಗಲೇ ಮುಂದೆ ಹೊರಟಿದೆ, ಭಜನೆಯವರು ತಿರುವು ದಾಟಿದ್ದಾರೆ, ಹೆಂಗಸರು ಬಾಗಿಲಲ್ಲಿ ಕುಳಿತು ಅಳುತ್ತಿದ್ದಾರೆ. ನಾನು ಕಲಿತ ಶಬ್ದವನ್ನೇ ಕೂಗಿದೆ:

“ಯವ್ವಾ! ಕೆರ್ಯಾಗ ವಿಮಾನ ಬಿತ್ತು!”

ಅಳು ನಿಂತುಹೋಯಿತು. ಮಣ್ಣಿಗೆ ಹೋಗುವ ದಾರಿ ಕೆರೆಯ ಏರಿಯ ಮೇಲೇ ಇತ್ತಲ್ಲ. ಅಜ್ಜನ ಹೆಂಡತಿ ಎದೆ ಬಡಿದುಕೊಂಡು, “ನಮ್ಮ ಯಜಮಾನ್ರನ್ನ ನೀರಿಗೆ ಹಾಕಿದ್ರೇನಬೇ!” ಎಂದು ಬಿದ್ದಳು. ಆಯಿ ಎದ್ದು ಬಂದು ನನ್ನ ದವಡೆಗೆ ಬಿಟ್ಟಳು.

“ಏ ಪೋರಿ, ಬಾಯಾಗ ಹುಳಾ ಬೀಳ್ತಾವ! ಯಾರ ವಿಮಾನ?”

“ಯಾರ್ದೋ ಗೊತ್ತಿಲ್ಲ ಆಯಿ. ಹಳದೀದು.”

“ಹಸರ ಸೀರಿ ಕಟ್ಟೇವಿ, ಹಳದೀದು ಎಲ್ಲಿಂದ ಬಂತಲೇ?”

ಇನ್ನೊಬ್ಬಳು, “ಹಳದಿ ಹೂವಿನ್ದ ಹೇಳಾಕತ್ತಾಳ ಕೂಸು” ಎಂದಳು. ಗಂಡಸರು ಏರಿಯ ಕಡೆ ಓಡಿದರು. ಅಲ್ಲಿ ಅಜ್ಜನ ವಿಮಾನ ಎಂಟು ಜನರ ಹೆಗಲ ಮೇಲೆ ನೆಟ್ಟಗೆ ಹೋಗುತ್ತಿತ್ತು, ಅಜ್ಜ ಅದರೊಳಗೆ ಸುಖವಾಗಿ ಕುಳಿತಿದ್ದರು. ಓಡಿ ಹೋದವರು ಬೈಯುತ್ತ ಹೊರಳಿ ಬಂದರು. ನಾನು ಅಳುತ್ತಲೇ, “ಹಾರೂ ಬಂಡಿ ಆಯಿ, ಹಾರೂ ಬಂಡಿ ಬಿದ್ದೈತಿ” ಎಂದೆ. ಅಷ್ಟರಲ್ಲಿ ಅರ್ಧ ತಾಸು ಹೋಗಿತ್ತು.

ಅಂಬಿಗರ ದುರ್ಗಪ್ಪ ನಾಲ್ಕು ಸಲ ಮುಳುಗಿ ಎದ್ದ. ನೀರು ರಾಡಿ, ಏನೂ ಕಾಣಲಿಲ್ಲ, ಕೈಗೂ ಸಿಗಲಿಲ್ಲ. ದಂಡೆಗೆ ಬಂದು ಒದ್ದೆ ಧೋತರ ಹಿಂಡುತ್ತ, “ಹಾರಿಸೂ ಮನಶ್ಯಾ ಒಳಗ ಇದ್ದಾನಲ್ರಿ. ಇದ್ದ…” ಎಂದ. ನನ್ನ ಕಡೆ ಯಾರೂ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ.

ಮರುದಿನ ಎಣ್ಣೆ ತೇಲಿ ಗುಡಿಯ ಮೆಟ್ಟಿಲುಗಳಿಗೆ ಬಂದು ನಿಂತಿತು. ನವಿಲುಬಣ್ಣದ ಎಣ್ಣೆ. ಎಮ್ಮೆಗಳು ಮೂಸಿ ಹಿಂದೆ ಸರಿದವು. ಊರವರು ಮಠದ ಅಯ್ಯನವರನ್ನು, ನೀರಿಗೆ ಸೂತಕ ಬಂತೇ ಎಂದು ಕೇಳಿದರು. ಅವರು, “ನಮ್ಮೊಳಗ ಸೂತಕಿಲ್ಲಪಾ, ನೀರಿಗೆ ಎಲ್ಲೀ ಸೂತಕ” ಎಂದರು.

ಆಯಿ ಬಿಡಲಿಲ್ಲ. “ಸೂತಕಿಲ್ಲ ಖರೆ. ಹೇಸಿಗಿ ಐತಲ್ರಿ ಅಯ್ಯನವರ? ಆ ಕೂಸು ಒಳಗ ಇರೂತನಕ ಈ ನೀರ ಗಂಟಲದಾಗ ಇಳೀತೈತೇನ್ರಿ?”

ಅಯ್ಯನವರೂ ಅಂದಿನಿಂದ ಬೇರೆ ನೀರೇ ತರಿಸಿದರು.

ಬೇರೆ ನೀರು ಎಂದರೆ ಒಂದೂವರೆ ಮೈಲಿ ಆಚೆಯ ಗೌಡರ ತೋಟದ ಬಾವಿ. ಅದೂ ಅರೆಸವುಳು. ಅವ್ವನಿಗೆ ಎಂಟು ತಿಂಗಳು. ಅಪ್ಪ, ಎತ್ತು ಎರಡೂ ಜೋಳದ ಸುಗ್ಗಿಯಲ್ಲಿ. ಹೀಗಾಗಿ ನನ್ನ ಪಾಟಿ ಗೋಡೆಯ ಮಾಡಕ್ಕೆ ಹೋಯಿತು, ತಲೆಯ ಮೇಲೆ ಸಿಂಬಿ ಬಂತು. ಬೆಳಿಗ್ಗೆ ಮೂರು ಸಲ, ಸಂಜೆ ಎರಡು ಸಲ. ದಾರಿಯಲ್ಲಿ ನೆರಳೆಂದರೆ ಒಂದೇ ಒಂದು ಜಾಲಿ. ಮೊದಲ ವಾರ ಮಗ್ಗಿ ಹೇಳುತ್ತ ನಡೆದೆ. ಎರಡನೆಯ ವಾರ ಹೆಜ್ಜೆ ಎಣಿಸುತ್ತ ನಡೆದೆ. ಆಮೇಲೆ ಏನನ್ನೂ ಎಣಿಸಲಿಲ್ಲ. ಕುತ್ತಿಗೆ ಹೊರಳಿಸಿದರೆ ಒಳಗೆ ಮರಳು ಸರಿದಂತಾಗುತ್ತಿತ್ತು. ಮಲಗಿದರೂ ತಲೆಯ ಮೇಲೆ ಕೊಡ ಇದ್ದಂತೆಯೇ.

“ಹಾರೂ ಬಂಡಿ ಹೊರಗ ಬಂದ ದಿನಾ ನೀ ಸಾಲಿಗೆ ಹೋಗ” ಎನ್ನುತ್ತಿದ್ದಳು ಅವ್ವ. ನನಗೂ ಅದೊಂದೇ ಆಸೆ. ಪರೀಕ್ಷೆಯೊಳಗೆ ಅದು ಹೊರಬರಬೇಕು.

ಮಿಲಿಟರಿ ಲಾರಿ ಎರಡು ಸಲ ಬಂತು. ಎರಡು ಸಲವೂ ಎಣ್ಣೆ ನಿಂತಿದ್ದ ಗುಡಿಯ ಕಡೆಯೇ ಗಳ ಚುಚ್ಚಿ ಹುಡುಕಿದರು. ಅಲ್ಲಲ್ಲ, ಈಚಲ ಮರಗಳ ಕಡೆ ಎಂದು ನಾನು ಅಪ್ಪನಿಗೆ ಹೇಳಿದೆ. “ಒಮ್ಮಿ ನಿನ್ನ ಮಾತ ಕೇಳಿ ಊರ ಓಡಾಡಿದ್ದು ಸಾಕವಾ” ಎಂದ. ಸಿಟ್ಟಿರಲಿಲ್ಲ, ಅವನಿಗೂ ದಣಿವು.

ಪರೀಕ್ಷೆಯ ದಿನ ಬಂದೇ ಬಂತು. ಅಂದು ಒಂದು ದಿನ ಆಯಿ ತಾನೇ ಕೊಡ ಹೊರುತ್ತೇನೆಂದು ನನ್ನನ್ನು ಕಳಿಸಿದಳು. ತಲೆ ಬಾಚಿ, ಪಾಟಿ ತೊಳೆದು, ಬುತ್ತಿ ಕಟ್ಟಿಕೊಂಡು, ಮಾಸ್ತರರ ಹಿಂದೆ ನಾವು ಐದು ಮಂದಿ ಏರಿಯ ಮೇಲೆ ಸಾಲಾಗಿ ಹೊರಟೆವು. ಲಾರಿ ಮತ್ತೆ ಬಂದು ನಿಂತಿತ್ತು. ಅಪ್ಪನೂ ಊರ ಗಂಡಸರೂ ಹಗ್ಗ ಹಿಡಿದು ಗುಡಿಯ ಕಡೆ ನಿಂತಿದ್ದರು. ಬೆಳಗಾವಿ ಕಡೆಯ ಹವಾಲ್ದಾರನೊಬ್ಬ ಅವರಿಗೆ ಹೇಳುತ್ತಿದ್ದ:

“ಇವತ್ತ ಶೇವಟ ನೋಡ್ರಿ. ಸಿಕ್ಕರ ಛಲೋ. ಇಲ್ಲಂದ್ರ ನಾಳಿಂದ ಲಾರಿ ಬ್ಯಾರೆ ಕಡೆ ಹೊಂಟೈತಿ. ಆಮ್ಯಾಲ ಯಾರೂ ಬರೂದಿಲ್ಲ.”

ನಾನು ನಿಂತೆ. ಏರಿಯ ಆ ತುದಿಯಲ್ಲಿ ಆಯಿ ಖಾಲಿ ಕೊಡ ಹಿಡಿದು ತೋಟದ ಕಡೆ ಹೋಗುತ್ತಿದ್ದಳು, ಬಾಗಿ. ಅವಳ ಹಿಂದೆ ಸಣ್ಣ ಬಿಂದಿಗೆ ಹಿಡಿದು ಅವ್ವ. ಬೇಡವೆಂದರೂ ಹೊರಟಿದ್ದಳು.

ಪಾಟಿ ಕಂಕುಳಲ್ಲಿ ಇಟ್ಟುಕೊಂಡೇ ಕೋಡಿಯ ಕಲ್ಲಿಗೆ ಇಳಿದೆ. ನಾನು ಕೌದಿ ಬಡಿದ ಅದೇ ಕಲ್ಲಿನ ಮೇಲೆ ನಿಂತು ಕೂಗಿದೆ: “ದುರ್ಗಪ್ಪ ಕಾಕಾ! ಇಲ್ಲಿಂದ ನೋಡ್ರಿ! ಎರಡ ಈಚಲ ಗಿಡದ ನಟ್ಟನಡುವ!”

ಹವಾಲ್ದಾರ ನಕ್ಕ. “ಈ ಹುಡುಗಿ ಯಾರ?”

“ಬಿದ್ದದ್ದ ಕಂಡಾಕಿ ಇಕಿ ಒಬ್ಬಾಕಿನ ರೀ” ಎಂದ ದುರ್ಗಪ್ಪ. ಆಮೇಲೆ ನನಗೆ, “ಯವ್ವಾ ನೀಲವ್ವಾ, ಕಲ್ಲ ಬಿಟ್ಟ ಅಲಗ್ಯಾಡಬ್ಯಾಡ. ನಾ ಮ್ಯಾಲ ಎದ್ದಾಗೊಮ್ಮಿ ಎಡಕ್ಕೋ ಬಲಕ್ಕೋ ಕೈ ಮಾಡು. ನೀ ಹ್ವಾದ್ರ ನನಗ ದಾರಿ ತಪ್ಪತೈತಿ.”

ಅವನು ಹರಿಗೋಲಿನಿಂದ ಧುಮುಕುವನು, ಏಳುವನು, ನನ್ನ ಕಡೆ ನೋಡುವನು. ನಾನು ಕೈ ಮಾಡುವೆನು. ಮಾಸ್ತರರು ಏರಿಯ ಮೇಲೆ ಕೊಡೆ ಊರಿ ಸ್ವಲ್ಪ ಹೊತ್ತು ಕಾದರು.

“ನೀಲವ್ವಾ, ಹೊತ್ತಾತು.”

“ನೀವ ನಡೀರಿ ಮಾಸ್ತರ, ಬಂದೆ.”

“ಒಂಬತ್ತಕ್ಕ ಹೆಸರ ಕೂಗ್ತಾರವಾ.”

“ಬಂದೆ ರೀ.”

ಅವರು ಹೋದರು. ನಾಲ್ಕು ಮಂದಿ ಹಿಂದೆ ತಿರುಗಿ ನೋಡುತ್ತ ಹೋದರು. ದುರ್ಗಪ್ಪ ಏಳನೆಯ ಸಲ ಎದ್ದಾಗ ಅವನ ಕೈಯಲ್ಲಿ ಹಳದಿ ಬಟ್ಟೆಯ ಚೂರಿತ್ತು. ಬಿಸಿಲು ನೆತ್ತಿಯ ಹತ್ತಿರ ಬಂದಿತ್ತು.

ಮೊದಲು ಲಾರಿಯಿಂದ ಜಗ್ಗಿದರು. ಹಗ್ಗ ಹರಿಯಿತು. ಅಪ್ಪ ಮುಂದೆ ಬಂದು, “ಸಾಹೇಬ್ರ, ಇದು ಎರಿ ಮಣ್ಣರಿ. ಜಗ್ಗಿದಷ್ಟು ಹಿಡೀತೈತಿ. ಕೆಸರಾಗ ಸಿಕ್ಕ ಬಂಡಿ ತಗದಂಗ ತಗೀಬೇಕು, ಮಣ್ಣಿಗೆ ಉಸರ ಬಿಡಾಕ ಕೊಡ್ರಿ” ಎಂದ. ಎಂಟು ಜೋಡಿ ಎತ್ತುಗಳನ್ನು ಎರಡು ಸಾಲು ಮಾಡಿದರು. ಎಡಗಡೆಯವು ಒಂದು ಹೆಜ್ಜೆ ಎಳೆದು ನಿಂತರೆ ಬಲಗಡೆಯವು ಒಂದು ಹೆಜ್ಜೆ. ನಡುವೆ ಸುಮ್ಮನೆ ನಿಲ್ಲುವುದು. ನಿಂತಾಗ ನೀರಿನಲ್ಲಿ ಗುಳುಗುಳು ಗುಳ್ಳೆ. ಮತ್ತೆ ಎಡ, ಮತ್ತೆ ಬಲ. ದನ ಮನೆಗೆ ಬರುವ ಹೊತ್ತಿಗೆ ಬಾಲ ಕಂಡಿತು. ರೆಕ್ಕೆಯ ಬಟ್ಟೆ ಹಿಂಡದ ಸೀರೆಯ ಹಾಗೆ ಜೋತುಬಿದ್ದಿತ್ತು.

ಅವನು ಇನ್ನೂ ಅದರಲ್ಲಿದ್ದ. ಆಸನಕ್ಕೆ ಪಟ್ಟಿ ಕಟ್ಟಿಕೊಂಡು ಕುಳಿತಂತೆಯೇ ಇದ್ದ. ಅಪ್ಪ ನನ್ನ ಕಣ್ಣು ಮುಚ್ಚಿದ. ಬೆರಳ ಸಂದಿಯಲ್ಲಿ ನನಗೆ ಕಂಡದ್ದು ಹಿಂದಿನಿಂದ ಒಂದು ತೊಗಲಿನ ಟೊಪ್ಪಿಗೆ, ಸ್ವಲ್ಪ ಬಲಕ್ಕೆ ವಾಲಿದ ತಲೆ. ಸಿಪಾಯಿಗಳು ತಾಡಪತ್ರಿ ತಂದರು. ಅಷ್ಟರಲ್ಲಿ ಗುಂಪಿನೊಳಗಿಂದ ಆಯಿ ದಾರಿ ಮಾಡಿಕೊಂಡು ಬಂದಳು. ಕೊಡ ಕೆಳಗಿಟ್ಟಳು.

“ಒಂದೀಟ ನಿಂದರ್ಸರಿ” ಎಂದಳು ಹವಾಲ್ದಾರನಿಗೆ. ಉಡಿಯಿಂದ ವಿಭೂತಿ ತೆಗೆದು, ಕೆಸರಿನಲ್ಲಿ ಹೆಜ್ಜೆಯಿಡುತ್ತ ಹೋಗಿ ಆ ಒದ್ದೆ ರೆಕ್ಕೆಗೆ ಮೂರು ಬೆರಳು ಎಳೆದಳು. “ನೋಡ, ನಮ್ಮವರಂಗ ಕುಂತ ಹೊಂಟಾನ. ಯಾವ ತಾಯಿ ಮಗನೋ.” ಹವಾಲ್ದಾರ ಟೊಪ್ಪಿಗೆ ತೆಗೆದ.

ಆಯಿ ನನ್ನ ಬಳಿ ಬಂದು ಅಂದು ಹೊಡೆದ ದವಡೆಯ ಮೇಲೆ ಕೈಯಿಟ್ಟಳು. ಕೈಗೆ ವಿಭೂತಿ ಇತ್ತು, ಕೆಸರೂ ಇತ್ತು.

“ವಿಮಾನ ಅಂದಿದ್ದಿ ನೀ. ಖರೇನ ಅಂದಿದ್ದಿ. ನಾವ ಯಾರ್ದು ಅಂತ ಕೇಳ್ಕೋತ ಕುಂತಿವಿ.”

ಕೆರೆ ಹಸನಾಯಿತು ಎಂದುಕೊಂಡೆವು. ಅಯ್ಯನವರು ಒಂದು ಬೊಗಸೆ ಕುಡಿದು ತೋರಿಸಿದರು, ದುರ್ಗಪ್ಪ ಕುಡಿದ. ಆದರೆ ಹೆಂಗಸರು ಯಾರೂ ಮೆಟ್ಟಿಲಿಗೆ ಹೋಗಲಿಲ್ಲ. ಹೊಸ ಮಳೆ ಬಂದು ಕೋಡಿ ಬೀಳುವ ತನಕ ತೋಟದ ಬಾವಿಯೇ. ನಾನು ಮತ್ತೂ ಮೂರು ತಿಂಗಳು ಹೊತ್ತೆ. ಅವ್ವನಿಗೆ ಗಂಡು ಹುಟ್ಟಿತು. ಪರೀಕ್ಷೆಗೆ ಬರುವ ವರ್ಷ ಕೂಡ್ರಲಿ ಎಂದರು ಮಾಸ್ತರರು. ಬರುವ ವರ್ಷ ತಮ್ಮನನ್ನು ಎತ್ತಿಕೊಳ್ಳುವುದಿತ್ತು. ಮಾಳಮಡ್ಡಿಯ ಮಾವನ ಮನೆಗೆ ಮುಂದೆ ಹೋದವನು ಅವನೇ. ರಜೆಗೆ ಅವನು ತರುತ್ತಿದ್ದ ಪುಸ್ತಕಗಳಿಂದ ನಾನು ಉಳಿದ ಅಕ್ಷರ ಕಲಿತೆ. ಇದನ್ನು ಅವೇ ಅಕ್ಷರಗಳಲ್ಲಿ ಬರೆಯುತ್ತಿದ್ದೇನೆ.

ಈಗ ನಾನಿರುವ ವಿದ್ಯಾನಗರದ ಮನೆಯಲ್ಲಿ ನಳವಿದೆ. ನೀರು ಬಂದ ದಿನ ಬರುತ್ತದೆ, ಬಾರದ ದಿನ ಬೈಯುತ್ತೇವೆ. ಊರ ಕೆರೆಯಲ್ಲಿ ಹೂಳು ತುಂಬಿ ಜಾಲಿ ಬೆಳೆದಿದೆ. ಈಚಲ ಮರಗಳಿಲ್ಲ, ಆ ಕಲ್ಲನ್ನು ಯಾರೋ ಹೊಸ್ತಿಲಿಗೆ ಒಯ್ದರು. ಹಾರೂ ಬಂಡಿ ಎನ್ನುವವರು ಒಬ್ಬರೂ ಉಳಿದಿಲ್ಲ. ಮೊಮ್ಮಗಳು ಮೊನ್ನೆ ಆಕಾಶ ತೋರಿಸಿ “ಅಜ್ಜಿ, ವಿಮಾನ!” ಎಂದಳು. ಯಾರದು ಎಂಬ ಮಾತು ನಾಲಗೆಯ ತುದಿಗೆ ಬಂತು.

ಕೆರೆಯಿಂದ ಅದನ್ನು ಎಳೆದ ದಿನ ಸಂಜೆ ಬೇಳೆ ಬೇಯಲಿಲ್ಲ. ಜೋಳದ ನುಚ್ಚು, ಮಜ್ಜಿಗೆ, ಒಂದು ಉಳ್ಳಾಗಡ್ಡಿ ಉಂಡೆವು. ಪರೀಕ್ಷೆಗೆಂದು ಕಟ್ಟಿದ್ದ ಬುತ್ತಿಯನ್ನೂ ಬಿಚ್ಚಿ ಹಂಚಿಕೊಂಡೆವು, ರೊಟ್ಟಿ ಒಣಗಿ ಕಟಿಯಾಗಿತ್ತು. ಎಲ್ಲರಿಗಿಂತ ಮೊದಲು ನಿದ್ದೆ ಹೋದವಳು ಅವ್ವ. ಗೋಡೆಗೆ ಆನಿಕೊಂಡು, ಕುಳಿತಲ್ಲಿಯೇ, ತಲೆ ಸ್ವಲ್ಪ ಬಲಕ್ಕೆ ವಾಲಿತ್ತು. ಆಯಿ ಅದನ್ನು ನೋಡಿ ತಟಕ್ಕನೆ ಎದ್ದಳು. “ಕುಂತ ಮಲಗಬಾರ್ದವಾ, ಏಳ” ಎನ್ನುತ್ತ ಅವಳ ಎರಡೂ ಹೆಗಲು ಹಿಡಿದು ಕೌದಿಯ ಮೇಲೆ ಉದ್ದಕ್ಕೆ ಮಲಗಿಸಿದಳು.