ಬಿಳಿ ಪಂಚೆಯ ಕೌದಿ

ಮಂಗನ ಕಾಯಿಲೆ ಬಂದ ವರ್ಷ ಪಕ್ಕದ ಮನೆಯ ಅಕ್ಕ ಸುಖವಾಗಿ ರಜೆ ಕಳೆದರು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಶೆಟ್ಟಿಕೊಪ್ಪದ ಹತ್ತಿರ ಅವರು ಕೆಲಸ ಮಾಡುತ್ತಿದ್ದ ತೋಟದಲ್ಲಿ ಮಂಗ ಸತ್ತು ಬಿದ್ದಿತ್ತು. ಆಳುಗಳು ಬರುವುದು ಬೇಡ ಎಂದು ತೋಟದ ಯಜಮಾನರು ಹೇಳಿದ್ದರು. ಅಕ್ಕ ಜಗಲಿಯಲ್ಲಿ ಕೂತು ಕೌದಿ ಹೊಲಿದರು. ಹೊಲಿಗೆಯೆಂದರೆ ಅವರಿಗೆ ಇಷ್ಟ, ಅದು ನಿಜ. “ರಜೆ ಸಿಕ್ತಲ್ಲ, ಇನ್ನೆಂತ ಬೇಕು?” ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಹೇಳುತ್ತಿದ್ದರು. ಆದರೆ ಸುಖವಾಗಿರುವವರು ನಾಲ್ಕು ಹೊಲಿಗೆಗೊಮ್ಮೆ ಕತ್ತೆತ್ತಿ ಕಾಡಿನ ದಾರಿ ನೋಡುತ್ತಾರೆಯೇ?

“ಬಣ್ಣದ ಸೀರೆ ಇಷ್ಟಿರುವಾಗ ಕೌದಿ ಮೇಲಕ್ಕೆ ಬರೀ ಬಿಳಿ ಪಂಚೆ ಯಾಕಕ್ಕಾ?” ಎಂದು ಕೇಳಿದೆ.

“ನಿನ್ನ ಶಾಲೆಯ ಚರ್ಚಾಸ್ಪರ್ಧೆ ಇಲ್ಲೂ ಶುರುವಾಯ್ತಾ ಮಾರಾಯ? ಇವ್ರು ಸೌದೆಗೆ ಹೋಗೋದು ಬಿಡೋದಿಲ್ಲ. ಆ ಜ್ವರ ತರೋದೇ ಕಾಡಿನ ಉಣುಗು, ರಕ್ತ ಹೀರೋ ಹುಳ. ಬಿಳಿ ಮೇಲೆ ಹರಿದ್ರೆ ಕಾಣ್ತದೆ.”

ಅಷ್ಟರಲ್ಲಿ ಗಂಡ ಬಂದು ಸೌದೆ ಹೊರೆ ಇಳಿಸಿದರು. ಅಕ್ಕ ಅವರನ್ನು ಒಳಗೆ ಬಿಡದೆ, ಅರ್ಧ ಹೊಲಿದ ಕೌದಿಯ ಮೇಲೆ ಕೂರಿಸಿದರು.

“ಮದುಮಗನ ಸತ್ಕಾರ ಆಯ್ತಲ್ಲ ಮಾರಾಯ್ತಿ!” ಎಂದು ಅವರು ನಕ್ಕರು.

ಅಕ್ಕ ನಗಲಿಲ್ಲ. ಗಂಡನ ತೊಡೆಯ ಪಕ್ಕದಲ್ಲಿ, ಬಿಳಿ ಬಟ್ಟೆಯ ಮೇಲೆ, ಎಳ್ಳಿನಷ್ಟು ಕಪ್ಪು ಚುಕ್ಕೆಯೊಂದು ಹರಿಯುತ್ತಿತ್ತು. ಗಂಡ ಕುತ್ತಿಗೆ ತುರಿಸಿಕೊಳ್ಳುತ್ತಿದ್ದರು.

“ಹೋಯ್, ಇದು ನಿಮ್ಗೆ ಕಚ್ಚಿತ್ತಾ?”