ಎಲ್ಲಾ ಕಪಾಟೂ ನೋಡದ ಗುಮಾಸ್ತರು

ಬಸ್ ನಿಲ್ದಾಣದಲ್ಲಿ ಕಳೆದುಹೋದ ಸಾಮಾನುಗಳ ಕೋಣೆ ನೋಡಿಕೊಳ್ಳುವ ನಮ್ಮ ಗುಮಾಸ್ತರು, ಹಳೇ ಕೊಡೆ ಕೇಳಿಕೊಂಡು ಬಂದವರಿಗೂ ಮೂರೂ ಕಪಾಟು ಜಾಲಾಡದೆ ‘ಇಲ್ಲ’ ಎಂದವರಲ್ಲ. ಅಲ್ಲಿಯವರೆಗೆ ಅವರದು ಒಂದೇ ಮಾತು, ‘ಗೊತ್ತಿಲ್ಲ’. ದೇವರ ವಿಷಯದಲ್ಲೂ ಅದೇ. “ದೇವರೂ ಇಲ್ಲ, ದಿಂಡರೂ ಇಲ್ಲ, ಸುಮ್ನೆ ಒಪ್ಕೊಳ್ರೀ” ಎಂದು ಕಂಡಕ್ಟರ್ ರೇಗಿಸಿದರೆ, “ನೀವು ಎಲ್ಲಾ ಕಪಾಟೂ ನೋಡಿ ಬಂದ್ರಾ? ನಾನು ನೋಡಿಲ್ಲಪ್ಪ, ನಂಗೆ ಗೊತ್ತಿಲ್ಲ” ಎಂದು ಕನ್ನಡಕ ಒರೆಸುತ್ತಾರೆ. ಆಸ್ತಿಕರಿಗೂ ನಾಸ್ತಿಕರಿಗೂ ಅವರನ್ನು ಕಂಡರೆ ಅಷ್ಟಕ್ಕಷ್ಟೆ. ಅವರ ಮಗಳು ಮನೆ ಬಿಟ್ಟು ಹೋಗಿ ಒಂಬತ್ತು ವರ್ಷವಾಯಿತು. ಪೊಲೀಸರು ಫೈಲು ಮುಚ್ಚಿದರು. ಬದುಕಿದ್ದಾಳಾ ಎಂದು ಹೆಂಡತಿ ದಿನವೂ ಕೇಳುತ್ತಾರೆ, ಇವರು ದಿನವೂ “ಗೊತ್ತಿಲ್ಲ ಕಣೇ” ಎನ್ನುತ್ತಾರೆ. ನಿನ್ನೆ ಆಕೆ ಕೈಮುಗಿದು ಬೇಡಿಕೊಂಡರಂತೆ: “ಇಲ್ಲ ಅಂದ್ಬಿಡ್ರೀ, ಒಂದ್ಸಲ ಅತ್ತು ಮುಗಿಸ್ತೀನಿ.”